ಸಿಡಿಲವ್ವನ ಹೆಸರು ಬದಲಿಸಿದ್ದು

ಮೂಡಲಗಿಯ ನಮ್ಮ ಓಣಿಯಲ್ಲಿ ಕೂಸಿಗೆ ಹೆಸರಿಡುವುದು ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ. ವರ್ಷಾನುಗಟ್ಟಲೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಬಾಜೂ ಮನೆಯ ಹುಡುಗಿಯದಂತೂ ಅವಳ ಮದುವೆಯವರೆಗೂ ಬಂತು.

೧. ತೊಟ್ಟಿಲು

ಮನೆಯವರೆಲ್ಲ ಕೂತು ಒಪ್ಪಿದ ಹೆಸರು ಕೋಮಲಾ. ಆದರೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ತನ್ನನ್ನು ಕೇಳದೆ ಹೆಸರು ಆರಿಸಿದ್ದು ಕೌಜಲಗಿಯಿಂದ ಬಂದ ಆಕೆಗೆ ಸರಿಬಂದಿರಲಿಲ್ಲ. ತೊಟ್ಟಿಲಿಗೆ ಬಗ್ಗಿ 'ಸಿಡಿಲವ್ವ' ಎಂದುಬಿಟ್ಟಳು. ಕೂಸು ಹುಟ್ಟಿದ ಸಂಜೆ ಹಿತ್ತಲಿನ ಬೇವಿನ ಮರಕ್ಕೆ ಸಿಡಿಲು ಬಡಿದಿತ್ತಂತೆ. ಕಿವಿಗೆ ಬಿದ್ದ ಹೆಸರನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಹೆಸರು ಹೇಳಿದವಳ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿ. ಅವತ್ತು ಕೂಸಿನ ತಾಯಿ ಗುದ್ದಿದ್ದು ಪದ್ಧತಿಗಿಂತ ತುಸು ಜೋರಾಗಿತ್ತು ಎಂದು ಕಂಡವರು ಹೇಳುತ್ತಾರೆ.

೨. ಸಾಲಿ

ಸಾಲಿಗೆ ಸೇರಿಸುವ ದಿನ ಹುಡುಗಿಯ ಅಜ್ಜ ಗುರುಗಳಿಗೆ ಸಿಡಿಲಿನ ಕತೆಯನ್ನು ಭಕ್ತಿಯಿಂದ ಹೇಳಿದ. ತನ್ನ ಮಗನನ್ನು ಸೇರಿಸಲು ಬಂದಿದ್ದ ಲೈನ್‌ಮನ್ ಸುಮ್ಮನಿರಲಿಲ್ಲ.

"ಅದು ಸಿಡಿಲಲ್ರಿ ಅಜ್ಜಾರ. ಮರದ ಬಾಜೂ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ನಾನ ಬಂದು ಬದಲಿ ಮಾಡೇನಿ."

ಅಜ್ಜ ತಲೆ ಎತ್ತದೆ ಕೇಳಿದ: "ಹಂಗಾದ್ರ ಟ್ರಾನ್ಸ್‌ಫಾರ್ಮರವ್ವ ಅಂತ ಬರಸೂನೇನಪಾ?"

೩. ಕರದಂಟು

ಹುಡುಗಿ ಇರುವೆ ಕಂಡರೂ ದಾರಿ ಬಿಡುವಷ್ಟು ಸಾಧು. ಆದರೆ ಕನ್ಯೆ ನೋಡಲು ಬಂದವರು ಮೊದಲು ಕೇಳುವುದು ಹೆಸರನ್ನು. ಹುಕ್ಕೇರಿಯವರು ವಿಚಾರ ಮಾಡಿ ಹೇಳುತ್ತೇವೆ ಎಂದು ಹೋದವರು ಇನ್ನೂ ವಿಚಾರ ಮಾಡುತ್ತಿದ್ದಾರೆ. ಗೋಕಾಕದವರು ಹೆಸರು ಕೇಳಿದ ಮೇಲೆ ತಾವು ತಂದಿದ್ದ ಕರದಂಟಿನ ಡಬ್ಬಿಯನ್ನೂ ತಿರುಗಿ ಒಯ್ದರು. ಬೇರೆ ಹೆಸರು ಹೇಳೋಣವೇ ಎಂದು ಅಪ್ಪ ಕೇಳಿದಾಗ, "ನನಗ ಇದ ಛಂದ ಐತಿ" ಎಂದು ಹುಡುಗಿ ಒಳಗೆ ಹೋಗಿ ಅತ್ತಳು. ಅಜ್ಜನೂ ಬಹಳ ನೊಂದ. ಆತನ ದುಃಖ ಕರದಂಟಿನದು.

೪. ಯಮಕನಮರಡಿ

ಕೊನೆಗೆ ಯಮಕನಮರಡಿಯಲ್ಲಿ ಟೈರ್ ಅಂಗಡಿ ಇಟ್ಟ ಹುಡುಗ ಒಪ್ಪಿದ. ಅವನ ತಾಯಿಯದು ಒಂದೇ ಷರತ್ತು: ಮದುವೆಯಲ್ಲಿ ಹೆಸರು ಬದಲಾಗಬೇಕು, ಸಿಡಿಲನ್ನು ಮನೆಯೊಳಗೆ ಕರೆಯಲು ಆಗುವುದಿಲ್ಲ. ಹುಡುಗಿಯನ್ನು ಬಿಟ್ಟು ಎಲ್ಲರೂ ಹೂಂ ಅಂದರು. ಹೊಸ ಹೆಸರು ಆರಿಸಿದವರು ಮಾವ, ಅಂದರೆ ಹುಡುಗನ ಅಪ್ಪ. ತೀರಿಕೊಂಡ ತಮ್ಮ ತಾಯಿಯ ಹೆಸರು, ನೀಲವ್ವ. ಮದುಮಗ ಅದನ್ನು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆದ. ಹುಡುಗಿ ಕಣ್ಣೊರೆಸಿಕೊಂಡಳು, ಮಾವನೂ ಒರೆಸಿಕೊಂಡರು.

ವಾರದ ಮೇಲೆ ಹುಡುಗಿಯ ಅಪ್ಪನ ಜೊತೆ ನಾನೂ ಅಲ್ಲಿಗೆ ಹೋದೆ. ಪಡಸಾಲೆಯಲ್ಲಿ ಕೂತಿದ್ದೆವು. ಮದುಮಗನ ತಾಯಿ ಅಡುಗೆಮನೆಯ ಕಡೆ ತಿರುಗಿ, ಬೀದಿಗೆ ಕೇಳುವಂತೆ ಕೂಗಿದರು: "ಸಿಡಿಲವ್ವಾ, ಚಾ ತಗೊಂಡ್ ಬಾ."

ಒಳಗಿನಿಂದ "ಬಂದ್ನಿರಿ" ಎಂದ ದನಿಯಲ್ಲಿ ಎಂದೂ ಇಲ್ಲದ ಹುರುಪಿತ್ತು. ಅಪ್ಪ ಅಂಜುತ್ತ, ಹೆಸರು ಬದಲಾಗಿತ್ತಲ್ಲ ಎಂದು ನೆನಪಿಸಿದ.

ಆಕೆ ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಹೇಳಿದರು: "ಅದು ನಮ್ಮತ್ತಿ ಹೆಸರ್ರಿ ಬೀಗರ. ಅವ್ರು ಇದ್ದಾಗ ಒಮ್ಮಿನೂ ಬಾಯಾಗ ತಂದಿಲ್ಲ. ಈಗ ಅದ ಹೆಸರ ಹಿಡದು, ಭಾಂಡೆ ತಿಕ್ಕ ಅಂತ ಹೆಂಗ ಹೇಳಲ್ರಿ?"