ಚಿದ್ರಿಯ ಫ್ರೆಂಚ್ ಕಾಕಾ

ನಮ್ಮ ಕಾಕಾನ ಬಾಳಿನಲ್ಲಿ ಭೂತಕಾಲವೂ ಇಲ್ಲ, ವರ್ತಮಾನಕಾಲವೂ ಇಲ್ಲ. ಇರುವುದು ‘ಇನ್ನೇನು ಆಗಲಿರುವ’ ಕಾಲವೊಂದೇ. ಅದೂ ಫ್ರೆಂಚಿನಲ್ಲಿ! ಬೀದರಿನ ಚಿದ್ರಿಯಲ್ಲಿ ಬೆಳಿಗ್ಗೆ ಹಾಲಿನವನು ಅವರ ಗೇಟು ತಟ್ಟಿದರೆ ಒಳಗಿನಿಂದ ಮಗ್ಗಿ ಹೇಳಿದಂತೆ ಕೇಳುತ್ತದೆ: “ಜ ವೇ ಮಾಂಜೇ, ತ್ಯು ವಾ ಮಾಂಜೇ, ಇಲ್ ವಾ ಮಾಂಜೇ...” ನಾನು ಇನ್ನೇನು ಉಣ್ಣಲಿದ್ದೇನೆ, ನೀನು ಇನ್ನೇನು ಉಣ್ಣಲಿದ್ದೀಯ, ಅವನು ಇನ್ನೇನು ಉಣ್ಣಲಿದ್ದಾನೆ. ಉಂಡವರು ಮಾತ್ರ ಯಾರೂ ಇಲ್ಲ! ಹಾಲು ಇನ್ನೂ ಗೇಟಿನಾಚೆಯೇ ಇರುತ್ತದೆ.

ಈ ಕಾಕಾ ಯಾರೆಂದುಕೊಂಡಿರಿ? ಭಾಲ್ಕಿ ಬಸ್ ನಿಲ್ದಾಣದ ಮೈಕು! ನಿವೃತ್ತಿಯಾಗುವವರೆಗೂ ‘ಖಟಕ ಚಿಂಚೋಳಿಗೆ ಹೋಗುವ ಬಸ್ಸು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ’ ಎಂದು ಸಾರಿದ ದನಿ ಅವರದು. ಆ ದನಿ ಕೇಳುತ್ತ ನಿಂತು ಬಸ್ಸನ್ನೇ ತಪ್ಪಿಸಿಕೊಂಡವರಿದ್ದಾರೆ. ನಮ್ಮ ಮನೆತನದ ಮದುವೆಗಳಲ್ಲೂ ಮೈಕು ಅವರ ಕೈಯಲ್ಲೇ. “ಊಟಕ್ಕ ಬರ್ರಿ” ಎಂದು ಕರೆದರೆ ಪಕ್ಕದ ಮದುವೆಯವರೂ ಎದ್ದು ಬರುತ್ತಿದ್ದರು!

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು, ನಾಲಿಗೆ ಮಾತ್ರ ಹಟ ಹಿಡಿಯಿತು. ‘ರ’ ಎನ್ನಲು ಹೋದರೆ ‘ಲ’ ಬರುತ್ತದೆ. ಬೇರೆ ಊರಾಗಿದ್ದರೆ ಹೇಗೋ ನಡೆಯುತ್ತಿತ್ತು. ಮಾತುಮಾತಿಗೂ ‘ರಿ’ ಹಚ್ಚುವ ಬೀದರಿನಲ್ಲಿ ‘ರ’ ಇಲ್ಲದೆ ಬಾಳುವುದು ಹೇಗೆ, ನೀವೇ ಹೇಳಿ! ನೋಡಲು ಬಂದವರಿಗೆ ‘ಬರ್ರಿ, ಕೂಡ್ರಿ’ ಎನ್ನಲು ಹೋಗಿ “ಬಲ್ಲಿ, ಕೂಡ್ಲಿ” ಎಂದರು. ಬಂದವರು ಅವರ ಎದುರಿಗೇ ಕಾಕಿಗೆ, “ಅಯ್ಯ, ಮೊದಲ ಎಷ್ಟ್ ಛಂದ ಮಾತಾಡ್ತಿದ್ರವಾ!” ಎಂದು ಮರುಗಿದರು. ಅಂದಿನಿಂದ ಕಾಕಾ ಹೊರಗಿನವರ ಮುಂದೆ ಕನ್ನಡವನ್ನೇ ಬಿಟ್ಟರು.

ದಿನಾ ಏನಾದರೂ ಗಟ್ಟಿಯಾಗಿ ಓದಬೇಕೆಂದು ಡಾಕ್ಟರು ಹೇಳಿದ್ದರು. ಮೈಲೂರಿನ ನಮ್ಮ ಮನೆಗೆ ಬಂದ ಕಾಕಾ, ರದ್ದಿಗೆಂದು ಕಟ್ಟಿಟ್ಟಿದ್ದ ನನ್ನ ಮಗಳ ಶಾಲೆಯ ಫ್ರೆಂಚ್ ಪುಸ್ತಕ ಎತ್ತಿಕೊಂಡು ಹೋದರು. ಅದರ ಹಿಂದಿನ, ಮುಂದಿನ ಹಾಳೆಗಳೆಲ್ಲ ಕಿತ್ತುಹೋಗಿ ಈ ‘ಇನ್ನೇನು’ ಕಾಲದ ಪಾಠವೊಂದೇ ಉಳಿದಿತ್ತು. ಉಚ್ಚಾರವನ್ನು ಮೊಬೈಲು ಹೇಳಿಕೊಟ್ಟಿತು.

“ಕಾಕಾ, ಕನ್ನಡ ಬಿಟ್ಟು ಇದ್ಯಾಕ್ರಿ?” ಎಂದು ಕೇಳಿದೆ.

“ಈ ಬೀದಲ್‌ದಾಗ ನನ್ನ ಫ್ಲೆಂಚ್ ತಪ್ಪ್ ಹಿಡಿಯವ್ಲು ಯಾಲದಾಲ ಹೇಳು?” ಎಂದರು. “ಮತ್ತ ಆ ಫ್ಲಾನ್ಸಿನವ್ಲಿಗೂ ‘ಲ’ ಸೀದಾ ಬಲಂಗಿಲ್ಲ. ಗಂಟಲ್ದಾಗೇ ಗುಳುಗುಳು ಅಂತಾಲ. ಅವಲ ದೇಶ ನಡಿಲತ್ತಿಲ್ಲೇನು?”

ಹಾಳೆ ಕಿತ್ತುಹೋದ ಆ ಪುಸ್ತಕದ ಬದಲು ಕೊಡಲು ಇಡೀ ಪುಸ್ತಕವೊಂದು ಇಲ್ಲವಲ್ಲ ಎಂದು ನಾನು ಪೇಚಾಡಿದೆ.

ಮನೆಗೆ ಬಂದವರಿಗೆ ಈಗ ಫ್ರೆಂಚಿನಲ್ಲೇ ಸತ್ಕಾರ. “ವೂಝಾಲೇ ಮಾಂಜೇ!” ಎಂದರೆ ‘ನೀವಿನ್ನು ಉಣ್ಣಲಿದ್ದೀರಿ’ ಎಂದು. ಪಕ್ಕದಲ್ಲಿ ನಿಂತ ಕಾಕಿ ತಕ್ಷಣ “ರಿ” ಎಂದು ಹಚ್ಚುತ್ತಾರೆ. “ದೊಡ್ಡವ್ರಿಗಿ ಬರೇ ಹಂಗೇ ಅಂದ್ರ ಏನ್ ತಿಳ್ಕೋತಾರ?” ಎಂಬುದು ಅವರ ವಾದ. ಫ್ರೆಂಚ್ ಕಾಕಾನದು, ಮರ್ಯಾದೆ ಕಾಕಿಯದು!

ಅವರ ಮಗಳನ್ನು ನೋಡಲು ಔರಾದಿನಿಂದ ಬೀಗರು ಬಂದಾಗಲೂ ಇದೇ ನಡೆಯಿತು. ಕಾಕಾ ಧಾರಾಳವಾಗಿ ಫ್ರೆಂಚ್ ಹರಿಸಿದರು, ಕಾಕಿ ಧಾರಾಳವಾಗಿ ‘ರಿ’ ಹಚ್ಚಿದರು. ಹುಡುಗನ ತಂದೆ ಬೆರಗಾಗಿ, “ಬೀಗರು ಫಾರಿನ್‌ದಾಗ ಇದ್ರೇನ್ರಿ?” ಎಂದರು.

“ಇಲ್ರಿ,” ಎಂದರು ಕಾಕಿ, “ಭಾಲ್ಕಿ ಬಸ್‌ಸ್ಟ್ಯಾಂಡಿನ್ಯಾಗ ಇದ್ರು.”

ಅಷ್ಟಾದರೂ ಮದುವೆ ನಿಶ್ಚಯವಾಯಿತು! ಮಗಳು ಮಾತ್ರ ಒಂದು ಷರತ್ತು ಹಾಕಿದಳು. “ಮದ್ವ್ಯಾಗ ಮೈಕ್ ಅಪ್ಪಾನೇ ಹಿಡಿಬೇಕು. ಮಂದಿ ಮುಂದ ಕನ್ನಡದಾಗೇ ಮಾತಾಡಬೇಕು. ಬ್ಯಾರೆಯವ್ರು ಹಿಡಿದ್ರ ನಾ ಮಂಟಪದಿಂದ ಎದ್ದು ಹೋಗ್ತೇನಿ.” ಕಾಕಾ ತಲೆ ತಗ್ಗಿಸಿ ಕೂತರು. ಮಂದಿ ನಕ್ಕಾರೆಂಬ ಭಯಕ್ಕಿಂತ, ಮರುಗಿಯಾರೆಂಬ ಭಯವೇ ಅವರಿಗೆ ದೊಡ್ಡದಾಗಿತ್ತು.

ಅವಳು ದಿನಾ ಕೇಳುವಳು: “ಅಪ್ಪಾ, ಮಾತಾಡ್ತಿ ಇಲ್ಲೋ?”

ಇವರು ಗಂಟಲಲ್ಲೇ ಗುಳುಗುಳಿಸುವರು: “ಜ ವೇ ಪಾಖ್ಲೇ.” ಇನ್ನೇನು ಮಾತಾಡಲಿದ್ದೇನೆ ಎಂದರ್ಥ. ಯಾವಾಗ? ಆ ಕಾಲಕ್ಕೆ ತಾರೀಕು ಎಲ್ಲಿರುತ್ತದೆ!

ಮದುವೆಯ ದಿನ ಬಂದೇ ಬಂತು. ಅಕ್ಷತೆ ಬಿತ್ತು. ಊಟದ ಹೊತ್ತಿಗೆ ಕಾಕಾ ಧೈರ್ಯ ಮಾಡಿ ಮೈಕು ಹಿಡಿದು, “ವೂಝಾಲೇ ಮಾಂಜೇ!” ಎಂದರು. ಫಂಕ್ಷನ್ ಹಾಲಿನಲ್ಲಿ ಒಬ್ಬರೂ ಕದಲಲಿಲ್ಲ. ಕಾಕಿ ಮೈಕಿಗೆ ಬಾಗಿ “ರಿ” ಎಂದದ್ದೇ ತಡ, ಹಾಲಿಗೆ ಹಾಲೇ ಎದ್ದು ಊಟಕ್ಕೆ ಓಡಿತು! ಎಲ್ಲರೂ ನಕ್ಕೆವು. ಮಗಳು ನಗಲಿಲ್ಲ. “ಇದು ಲೆಕ್ಕಕ್ಕಿಲ್ಲ, ಅಪ್ಪಾ,” ಎಂದಳು.

ಸಂಜೆ ಹೆಣ್ಣು ಕಳಿಸುವ ಹೊತ್ತು. ಔರಾದಿಗೆ ಹೋಗುವ ಕಾರು ಗುರುಗುಟ್ಟುತ್ತಿತ್ತು. ಮಗಳು ಒಳಗೆ ಕೂತು ಬಾಗಿಲು ಹಾಕಿಕೊಂಡಳು. ಕಾಕಾ ಎಲ್ಲಿ ಎಂದು ನಾವೆಲ್ಲ ಹುಡುಕುತ್ತಿರುವಾಗ ಹಾಲಿನ ಹೊರಗಿದ್ದ ಸ್ಪೀಕರು ಕರಕರ ಎಂದಿತು.

“ಪ್ಲಯಾಣಿಕಲ ಗಮನಕ್ಕೆ.”

ಕನ್ನಡ! ಬಾಗಿಲ ಬಳಿ ಮೈಕು ಹಿಡಿದು ಕಾಕಾ ನಿಂತಿದ್ದರು.

“ಬೀದಲಿನಿಂದ ಸಂತಪುಲ ಮಾಲ್ಗವಾಗಿ ಔಲಾದಿಗೆ ಹೋಗುವ ನನ್ನ ಮಗಳು... ಕೆಲವೇ ಕ್ಷಣಗಳಲ್ಲಿ ಹೊಲಡಲಿದ್ದಾಳೆ.”

ಯಾರೂ ನಗಲಿಲ್ಲ, ಯಾರೂ ಅಯ್ಯೋ ಎನ್ನಲಿಲ್ಲ.

“ಎಲ್ಲಾಲೂ ಬಂದು ಆಶೀಲ್ವಾದ ಮಾಡ್...”

ಅಲ್ಲಿಗೆ ನಿಂತಿತು. ‘ರಿ’ ಬರಲೊಲ್ಲದು, ‘ಲಿ’ ಎನ್ನಲು ಮನಸ್ಸೊಲ್ಲದು. ಕಾಕಾ ಅಭ್ಯಾಸಬಲದಿಂದ ಕಾಕಿಯ ಕಡೆ ನೋಡಿದರು. ಕಾಕಿ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕುತ್ತಿದ್ದರು. ಹಚ್ಚುವವರೇ ಇಲ್ಲ!

ಕಾರಿನ ಬಾಗಿಲು ತೆರೆಯಿತು. ಮದುಮಗಳು ಇಳಿದು, ಅಳುತ್ತ ನಗುತ್ತ, ಅಪ್ಪನ ಕಡೆ ತಿರುಗಿ ಮೈಕಿಲ್ಲದೆಯೇ ಕೂಗಿದಳು:

“ರಿ!”

ರಸ್ತೆಯ ಆಚೆ ಬದಿಯವರೂ ತಿರುಗಿ ನೋಡಿದರು. ಖರೆ ಹೇಳುತ್ತೇನೆ, ಅದು ಭಾಲ್ಕಿ ಬಸ್ ನಿಲ್ದಾಣದ ಅದೇ ದನಿ.