ಕೊಟ್ರಪ್ಪನವರ ಕೆಂಪು ಬಸವಣ್ಣ

ಗಂಡಸಿಗೆ ಐವತ್ತು ದಾಟಿದ ಮೇಲೆ ಹಳೆಯ ವಸ್ತುಗಳ ಮೇಲೆ ಕರುಣೆ ಉಕ್ಕತೊಡಗುತ್ತದೆ. ಆ ಕರುಣೆ ಕನ್ನಡಿಯೊಳಗೆ ಕಾಣುವ ವಸ್ತುವಿಗಷ್ಟೇ ಸೀಮಿತವಾದರೆ ಸಂಸಾರಕ್ಕೆ ಅಪಾಯವಿಲ್ಲ. ಕೊಟ್ರಪ್ಪನವರ ಕರುಣೆ ಕಾಂಪೌಂಡು ಹಾರಿ ಮುನಿಯಣ್ಣನ ಕೋಳಿಗೂಡಿನವರೆಗೂ ಹೋಯಿತು.

ಕೊಟ್ರಪ್ಪನವರು ಜಿಗಣಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಮ್ಯಾನೇಜರು. ಬೇರೆಯವರು ಮಾಡಿದ್ದನ್ನು ಸರಿಯಿಲ್ಲ ಎಂದು ವಾಪಸು ಕಳಿಸುವುದೇ ಅವರ ಉದ್ಯೋಗ. (ಮನೆಯಲ್ಲಿ ಈ ಅಧಿಕಾರವನ್ನು ಒಂದೇ ಒಂದು ಸಲ, ಉಪ್ಪಿಟ್ಟಿನ ಮೇಲೆ ಚಲಾಯಿಸಿ, ಆಮೇಲೆ ವಾರವಿಡೀ ಹೋಟೆಲಿನಲ್ಲಿ ತಿಂಡಿ ತಿಂದಿದ್ದರು.) ಸ್ವಂತ ಕೈಯಿಂದ ಏನನ್ನಾದರೂ ಮಾಡಿ ಜಗತ್ತಿಗೆ ತೋರಿಸಬೇಕೆಂಬುದು ಅವರ ಬಹುಕಾಲದ ಆಸೆ. ಮುನಿಯಣ್ಣನೋ ಊರಿನ ಹಳೆಯ ಕುಳ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆಯುವವನು. ಹೊಲವಿದ್ದ ಕಾಲದಲ್ಲಿ ಉಳುತ್ತಿದ್ದ ಅವನ ಕೆಂಪು ಪವರ್ ಟಿಲ್ಲರು ಕೋಳಿಗೂಡಿನಲ್ಲಿ ಹುಲ್ಲು ಹೊದ್ದು ಮಲಗಿತ್ತು.

“ಅದಾ? ಕೋಳಿ ಮೊಟ್ಟೆ ಇಕ್ಕಕ್ಕೆ ಬಿಟ್ರೆ ಇನ್ಯಾತಕ್ಕೂ ಬರಕಿಲ್ಲ ಸಾ. ಬೇಕಾದ್ರೆ ತಗಂಡೋಗಿ. ಕೋಳಿ ಮಾತ್ರ ಕೊಡಕಿಲ್ಲ,” ಎಂದ ಮುನಿಯಣ್ಣ.

“ಮುನಿಯಣ್ಣ, ಇದು ಹೆರಿಟೇಜು!”

“ಇರ್ಬೋದು ಸಾ. ತುಕ್ಕೂ ಐತೆ.”

ಹೀಗೆ ಹೆರಿಟೇಜು ಮನೆಯ ಪೋರ್ಟಿಕೋ ಪ್ರವೇಶಿಸಿತು. ಅಲ್ಲಿದ್ದ ಹೆಂಡತಿ ಶೈಲಜಾಳ ಸ್ಕೂಟರು ರಸ್ತೆಗೆ ಬಿತ್ತು. ಯುಗಾದಿಗೆ ಆರಂಭವಾದ ಜೀರ್ಣೋದ್ಧಾರ ಮುಂಗಾರು ಬಂದರೂ ಮುಗಿಯಲಿಲ್ಲ. ಟಿಲ್ಲರಿನ ಅಂಗಾಂಗಗಳು ಒಂದೊಂದಾಗಿ ಅಡುಗೆಮನೆಗೆ ವಲಸೆ ಬಂದವು.

“ರೀ, ಇಡ್ಲಿ ತಟ್ಟೇಲಿ ಇದೇನಿದು?”

“ನಟ್ಟುಗಳು ಕಣೇ. ಅಳತೆ ಪ್ರಕಾರ ಜೋಡಿಸಿದೀನಿ. ಹೇಳಿ ಮಾಡಿಸಿದ ಹಾಗೆ ಕೂತಿವೆ ನೋಡು!”

“ಹೋಳಿಗೆ ಪರಾತದಲ್ಲಿ?”

“ಪಿಸ್ಟನ್. ತುಕ್ಕು ಬಿಡಲಿ ಅಂತ ಡೀಸೆಲಲ್ಲಿ ನೆನೀತಾ ಇದೆ.”

“ನೆನೀಲಿ ಪಾಪ. ನನ್ನ ಸ್ಕೂಟರ್ರೂ ಹೊರಗೆ ನೆನೀತಾ ಇದೆ.”

ಮನೆಯಲ್ಲೇ ಗಣಿತದ ಟ್ಯೂಷನ್ ನಡೆಸುವ ಶೈಲಜಾ ಕೊನೆಗೆ ಒಂದು ಬುಧವಾರ ತೀರ್ಪು ಕೊಟ್ಟಳು.

“ಪಕ್ಕದ ಸೈಟಲ್ಲಿ ತರಕಾರಿ ಹಾಕ್ಕೊಳ್ಳಿ ಅಂತ ಮುನಿಯಣ್ಣ ಹೇಳಿದಾರೆ. ನಾಲ್ಕು ಮಡಿಗಾಗೋವಷ್ಟು ಜಾಗ. ಬರೋ ರಜಾ ದಿನ ಸಂಜೆಯೊಳಗೆ ಅದನ್ನ ಅಗೆದು ಹದ ಮಾಡಿರ್ಬೇಕು. ಇಲ್ಲಾಂದ್ರೆ ಮಾರನೇ ಬೆಳಿಗ್ಗೆ ಗುಜರಿಯವನು ಬಂದು ನಿಮ್ಮ ಹೆರಿಟೇಜ್ ಎತ್ಕೊಂಡು ಹೋಗ್ತಾನೆ. ಫೋನ್ ಮಾಡಿ ಹೇಳಿಯಾಯ್ತು.”

ಇಷ್ಟು ದಿನ ಉಜ್ಜಿ ತಿಕ್ಕಿದ್ದಕ್ಕೆ ಕೊಟ್ರಪ್ಪನವರಿಗೆ ಆ ಯಂತ್ರದ ಮೇಲೆ ಹೆತ್ತ ಮಮತೆ ಬಂದುಬಿಟ್ಟಿತ್ತು. ಮನೆಯಲ್ಲಿ ತಮ್ಮ ಪರವಾಗಿ ಇನ್ನೊಂದು ಮತ ಬೇಕು. ಉಳಿದಿದ್ದವರು ತಾಯಿ ಚನ್ನಬಸಮ್ಮ. ಪರಾತ ಕಳೆದುಕೊಂಡ ದುಃಖದಲ್ಲಿ ಅವರೂ ಸೊಸೆಯ ಪಕ್ಷವನ್ನೇ ಸೇರಿದ್ದರು. ಕೊಟ್ರಪ್ಪನವರು ತಾಯಿಯ ಮಂಚದ ಪಕ್ಕ ಕೂತು, ಕಾರ್ಖಾನೆಯ ಕನ್ನಡವನ್ನು ಬದಿಗಿಟ್ಟು ಕೊಟ್ಟೂರು ಕಡೆಯ ಮಾತಿಗಿಳಿದರು.

“ಅವ್ವಾ, ಭೂಮಿ ಉಳೋದು ಯಾರು?”

“ಬಸವಣ್ಣ.”

“ಇದೂ ಉಳತೈತಿ. ಅಂದಮ್ಯಾಲ ಇದೂ ಬಸವಣ್ಣನ ಹೌದಲ್ಲೇನು?”

ಚನ್ನಬಸಮ್ಮ ಕಿಟಕಿಯಿಂದ ಪೋರ್ಟಿಕೋ ಕಡೆ ಕತ್ತು ಚಾಚಿ ನೋಡಿದರು. “ನಮ್ಮ ತವರಾಗ ಹಿಂಗ ಕೆಂಪನೆದೊಂದು ಎತ್ತಿತ್ತು. ಭಾಳ ಸಮಾಧಾನದ್ದು,” ಎಂದರು. ಅಷ್ಟೇ. ಸಂಜೆ ಹೊತ್ತಿಗೆ ಟಿಲ್ಲರಿನ ಹಣೆಯ ಮೇಲೆ (ಡೀಸೆಲ್ ಟ್ಯಾಂಕು ಎಂದು ಓದಿಕೊಳ್ಳಿ) ವಿಭೂತಿಯ ಮೂರು ಪಟ್ಟೆ, ಹಿಡಿಕೆಗೆ ಒಂದು ಗಂಟೆ. “ಶೈಲಜಾ, ಬಸವಣ್ಣನ್ನ ಗುಜರಿಗೆ ಹಾಕ್ತಾರೇನವ್ವಾ?”

“ಬಸವಣ್ಣನೇ ಆಗ್ಲಿ ಅತ್ತೆ. ಹೇಳಿದ ದಿನಕ್ಕೆ ನೆಲ ಹದವಾದ್ರೆ ಇಲ್ಲೇ ಇರ್ಲಿ,” ಎಂದಳು ಸೊಸೆ.

ಭಾನುವಾರ ಸಂಜೆ ಕೆಲಸದಿಂದ ಬಂದ ಕೊಟ್ರಪ್ಪನವರು ಕೊನೆಯ ಬೋಲ್ಟು ಬಿಗಿದು ಹ್ಯಾಂಡಲ್ಲು ತಿರುಗಿಸಿದರು. ಕೆಮ್ಮಿತು. ಮತ್ತೆ ತಿರುಗಿಸಿದರು. ಬೀದಿಯನ್ನೆಲ್ಲ ಮುಚ್ಚುವಷ್ಟು ಕಪ್ಪು ಹೊಗೆ ಉಗುಳಿ, ಬೀದಿನಾಯಿಗಳನ್ನೆಲ್ಲ ಬೊಗಳಿಸಿ, ಟಿಲ್ಲರು ಡಗಡಗಡಗ ಎಂದಿತು! ಕೊಟ್ರಪ್ಪನವರ ಕಣ್ಣಲ್ಲಿ ನೀರು. ಹೊಗೆಯಿಂದ ಎಂದು ಅವರು ಹೇಳಿದರು. ಶೈಲಜಾ ದುಪಟ್ಟಾದ ತುದಿಯಿಂದ ಅವರ ಮೂಗಿನ ಮೇಲಿನ ಮಸಿ ಒರೆಸಿ, “ಪರವಾಗಿಲ್ಲ ಕಣ್ರೀ,” ಎಂದಳು. ಆ ಮನೆಯಲ್ಲಿ ಅದು ಪದ್ಮಶ್ರೀಗೆ ಸಮ.

ಮರುದಿನ ರಜೆ. ಕೊಟ್ರಪ್ಪನವರ ಕಾರ್ಖಾನೆಗೆ ವಾರದ ರಜೆ ಭಾನುವಾರವಲ್ಲ, ಸೋಮವಾರ. ಬೆಳಿಗ್ಗೆಯೇ ತಲೆಗೆ ಟವೆಲು ಸುತ್ತಿ ರೈತೋತ್ತಮನಾಗಿ ಹೊರಬಂದರು. ಟಿಲ್ಲರಿನ ಮುಂದೆ ಚನ್ನಬಸಮ್ಮ ಕೈಯಲ್ಲಿ ಬೆಲ್ಲ ಹಿಡಿದು ನಿಂತಿದ್ದರು.

“ಎಲ್ಲಿಗೆ ಹೊಂಟಿ?”

“ಹೊಲಕ್ಕ!”

“ಇವತ್ತು ಯಾವ ವಾರ?”

“ಸೋಮವಾರ.”

“ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡತಾರೇನಲೇ? ನಿಮ್ಮಪ್ಪ ಸಾಲಿ ಮಾಸ್ತರ, ಮನ್ಯಾಗ ಎತ್ತು ಕಟ್ಟಿದಾಂವ ಅಲ್ಲ, ನಿನಗೆಲ್ಲಿಂದ ಗೊತ್ತಾಗಬೇಕು. ನಮ್ಮ ತವರಾಗ ಬಿತ್ತಿಗಿ ತಪ್ಪಿದರೂ ಸೋಮವಾರ ಎತ್ತು ಹೂಡಿದ್ದಿಲ್ಲ.”

“ಅವ್ವಾ, ಇದು ಮಷಿನ್ನು! ಡೀಸೆಲ್ ಕುಡಿಯೋ ಮಷಿನ್ನು!”

“ಹಂಗಾರ ಅವತ್ತು ನನ್ನ ಮುಂದ ಸುಳ್ಳು ಹೇಳಿದ್ಯಾ?”

ಬಾಗಿಲಲ್ಲಿ ನಿಂತಿದ್ದ ಶೈಲಜಾ, “ಹೇಳಿ ರೀ, ಮಷಿನ್ನೋ ಬಸವಣ್ಣನೋ?” ಎಂದು ಮುಗುಳ್ನಕ್ಕಳು. ಮಷಿನ್ನು ಎಂದರೆ ತಾಯಿಯ ಮತ ಹೋಗಿ ಗುಜರಿ. ಬಸವಣ್ಣ ಎಂದರೆ ನೆಲ ಹದವಾಗದೆ ಗುಜರಿ. ಎಂತೆಂಥ ಮೀಟಿಂಗುಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದ್ದ ಕೊಟ್ರಪ್ಪನವರು ಹೆಂಡತಿಯ ಮುಂದೆ ಕೈಮುಗಿದರು.

“ನಿನಗೆ ಕರುಣೆ ಇಲ್ವೇನೇ?”

“ಇದೆ ಕಣ್ರೀ. ಸಂಜೆಯೊಳಗೆ ಅಗೆದಿರ್ಬೇಕು ಅಂದೆ. ಯಾರು ಅಗೀಬೇಕು ಅಂತ ಹೇಳಿದ್ನಾ?” ಎನ್ನುತ್ತ ಶೈಲಜಾ ಅವರ ಕೈಗೆ ಗುದ್ದಲಿ ಕೊಟ್ಟಳು.

“ಅವ್ವಾ, ಸೋಮವಾರ ನನಗೂ ರಜಾ!”

“ನೀನೇನು ಬಸವಣ್ಣನೇನಲೇ?”

ಆ ದಿನ ಟಿಲ್ಲರು ನೆರಳಲ್ಲಿ ಬೆಲ್ಲದ ನೈವೇದ್ಯ ಸ್ವೀಕರಿಸುತ್ತ ವಿಶ್ರಮಿಸಿತು. ಕೊಟ್ರಪ್ಪನವರು ಬಿಸಿಲಲ್ಲಿ ಅಗೆದರು. ಕ್ವಾಲಿಟಿ ಬುದ್ಧಿ ಎಲ್ಲಿ ಹೋಗುತ್ತದೆ? ಹಿಂದಿರುಗಿ ನೋಡುವರು, ಹೆಂಟೆ ಕಾಣುವುದು, ತಮ್ಮನ್ನೇ ತಾವು ರಿಜೆಕ್ಟ್ ಮಾಡಿ ಮತ್ತೆ ಅಗೆಯುವರು. ಮಧ್ಯಾಹ್ನ ಮಜ್ಜಿಗೆ ತಂದ ಶೈಲಜಾ ಅವರ ಅವಸ್ಥೆ ನೋಡಲಾರದೆ ತಾನೂ ಕೂತು ಹೆಂಟೆ ಒಡೆದಳು. ಸಂಜೆಯಾಗುವಷ್ಟರಲ್ಲಿ ಮಣ್ಣು ಜರಡಿ ಹಿಡಿದ ರಾಗಿ ಹಿಟ್ಟಿನಂತಾಗಿತ್ತು. ಅವಳು ಅಲ್ಲೇ ನಿಂತು ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಎಂದಳು. ಕೊಟ್ರಪ್ಪನವರು ನೆಟ್ಟಗೆ ನಿಲ್ಲಲು ಪ್ರಯತ್ನಿಸಿ, ಅರ್ಧದಲ್ಲಿ ರಾಜಿ ಮಾಡಿಕೊಂಡರು.

ಅಷ್ಟರಲ್ಲಿ ಮುನಿಯಣ್ಣ ಬಂದ. ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಬೆರಳಲ್ಲಿ ಉದುರಿಸಿದ.

“ಏನ್ ಸಾ ಇದು! ನಮ್ ಟಿಲ್ಲರ್ರು ಒಸಾದಾಗ್ಲೂ ಇಷ್ಟು ನಯವಾಗಿ ಉತ್ತಿರ್ನಿಲ್ಲ. ಏನ್ ಮಾಡಿದ್ರಿ ಅದಕ್ಕೆ?”

ಶೈಲಜಾ ನಿಜ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕೊಟ್ರಪ್ಪನವರು ಗುದ್ದಲಿಯನ್ನು ಕಾಲಿನಿಂದಲೇ ಹಿಂದಕ್ಕೆ ಸರಿಸಿ, ಉಳಿದರ್ಧ ಬೆನ್ನನ್ನೂ ನೆಟ್ಟಗೆ ಮಾಡಿದ್ದರು. (ಲಟಕ್ಕೆಂದ ಸದ್ದು ಮುನಿಯಣ್ಣನಿಗೂ ಕೇಳಿಸಿತು.)

“ಎಲ್ಲಾ ಸೆಟ್ಟಿಂಗ್‌ನಲ್ಲಿರೋದು ಮುನಿಯಣ್ಣ. ಕೈಗುಣ.”

“ಅಂಗಾದ್ರೆ ಮೂಲೇಲಿ ನಮ್ದು ಇನ್ನೊಂದು ಸೈಟೈತೆ. ನಿಮ್ ಮುಂದಿನ ರಜಕ್ಕೆ ಅದನ್ನೂ ಇಂಗೇ ಉತ್ಕೊಡಿ ಸಾ. ಇದರ ಎರಡಷ್ಟೈತೆ, ನಿಮಗೇನ್ ಬುಡಿ, ಟಿಲ್ಲರ್ ಐತೆ.”

“ಅದೇನ್ ಮಹಾ!” ಎಂದುಬಿಟ್ಟರು ಕೊಟ್ರಪ್ಪನವರು.

ಮುನಿಯಣ್ಣ ಸಂತೋಷದಿಂದ ಹೊರಟುಹೋದ. ಟಿಲ್ಲರಿನ ಮೈಮೇಲಿನ ಧೂಳು ಒರೆಸುತ್ತಿದ್ದ ಚನ್ನಬಸಮ್ಮ ತಲೆಯೆತ್ತಿ ಕೇಳಿದರು: “ನಿನ್ನ ಮುಂದಿನ ರಜಾನೂ ಸೋಮವಾರನ ಅಲ್ಲೇನಲೇ?”

ಶೈಲಜಾ ಒಳಗೆ ಹೋಗಿ, ಗಂಡನ ಬೆನ್ನಿಗೆ ಹಚ್ಚಲು ಎಣ್ಣೆ ಬಿಸಿಗಿಟ್ಟಳು. ಎರಡು ವಾರಕ್ಕಾಗುವಷ್ಟು, ದೊಡ್ಡ ಪಾತ್ರೆಯಲ್ಲೇ.