ವಾಣದಲ್ಲಿ ಕೊಟ್ಟ ಬಾವಿಗಳು

ಕೆಲವರಿಗೆ ಸಾಕು ಸಾಕು ಅಂದರೂ ಬಡಿಸುವ ಚಟವಿರುತ್ತದೆ, ಕೆಲವರಿಗೆ ಕಂಡವರ ಮಕ್ಕಳಿಗೆಲ್ಲ ಸಂಬಂಧ ಹುಡುಕುವ ಚಟ. ನನಗಿರುವುದು ಪುಸ್ತಕ ಓದಿ ಎಂದು ಹೇಳುವ ಚಟ. ಅದೂ ನಾಲ್ಕು ಜನ ಹೊಗಳಿದ ಪುಸ್ತಕವಲ್ಲ; ಅದನ್ನು ಹೇಳಲು ನಾನೇ ಯಾಕೆ ಬೇಕು? ಮುಖಪುಟದ ಬಣ್ಣ ಮಾಸಿದ, ಬೆನ್ನಿನ ಅಂಟು ಬಿಟ್ಟ, ಬರೆದವರ ಹೆಸರನ್ನು ಅವರ ನೆಂಟರೂ ಮರೆತಿರುವ ಕಾದಂಬರಿಯೋ, ಯಾವುದೋ ಸೀಮೆಯ ಇತಿಹಾಸವೋ ಕೈಗೆ ಸಿಕ್ಕರೆ ನನಗೆ ಕರುಳು ಚುರ್ ಅನ್ನುತ್ತದೆ. ಅಂಥ ಪುಸ್ತಕ ಮುಗಿಸಿದ ಮರುದಿನ ನಾನು ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಜನ ತಳ್ಳಿದ ಕಡೆ ನಡೆಯುತ್ತಾ, ಇಷ್ಟು ಸಾವಿರ ಜನರಲ್ಲಿ ಆ ಪುಸ್ತಕದ ಜನರನ್ನು ಬಲ್ಲವನು ನಾನೊಬ್ಬನೇ ಅಲ್ಲವೇ ಎಂದುಕೊಳ್ಳುತ್ತೇನೆ. ಮೊದಲು ಹೆಮ್ಮೆಯಾಗುತ್ತದೆ. ಲೋಕಲ್ ರೈಲು ಥಾಣೆ ದಾಟುವಷ್ಟರಲ್ಲಿ ಅದೇ ಒಂಥರಾ ಬೇಜಾರಾಗುತ್ತದೆ. ಹೇಳಿಕೊಳ್ಳುವುದಕ್ಕೆ ಇನ್ನೊಬ್ಬರು ಬೇಕಲ್ಲ?

ನನ್ನ ಚಟಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವರು ರಘುರಾಮ ಶೆಟ್ಟರು. ಥಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು, ಬೆಳಗಿನ ಸ್ಲೋ ಲೋಕಲಿನಲ್ಲಿ ನನ್ನ ಎದುರಿನ ಸೀಟು. ಓಡಿಹೋಗುವುದಕ್ಕೆ ಲೋಕಲಿನಲ್ಲಿ ಜಾಗವಿರುವುದಿಲ್ಲ ಎನ್ನುವುದು ನನಗೆ ಅನುಕೂಲವಾಗಿತ್ತು. ಒಮ್ಮೆ ಅವರಿಗೊಂದು ಕಾದಂಬರಿ ಕೊಟ್ಟೆ. ಹೆಂಗಸೊಬ್ಬಳು ಮುಂಜಾನೆಯಿಂದ ಬಸ್ಸಿಗೆ ಕಾಯುತ್ತಾಳೆ; ಸಂಜೆ ಬಸ್ಸು ಬರುತ್ತದೆ; ಆಕೆ ಹತ್ತುವುದಿಲ್ಲ. ಅಷ್ಟೇ ಕಥೆ, ಆದರೆ ಓದಿದರೆ ವಾರಗಟ್ಟಲೆ ಮನಸ್ಸಿನಿಂದ ಇಳಿಯುವುದಿಲ್ಲ. ಶೆಟ್ಟರು ಕಥೆ ಕೇಳಿ, “ಅಷ್ಟು ಹೊತ್ತು ಕಾದು ಹತ್ತದೆ ಇರ್ತಾಳಾ? ಹಾಗಾದ್ರೆ ನಮ್ಮ ಡೊಂಬಿವಲಿಯವಳಲ್ಲ ಬಿಡಿ” ಅಂದರು. ಆದರೂ ಒಳ್ಳೆಯವರು, ಪುಸ್ತಕವನ್ನು ಟಿಫಿನ್ ಚೀಲದಲ್ಲಿ ಇಟ್ಟುಕೊಂಡರು. ಆಮೇಲೆ ಯಾವಾಗ ಕೇಳಿದರೂ ಒಂದೇ ಉತ್ತರ: “ಅರ್ಧ ಆಗಿದೆ ಮಾರಾಯ್ರೆ.” ಮಳೆಗಾಲ ಬಂತು, ಹೋಯಿತು, ಅರ್ಧ ಆಗಿದೆ. ಗಣಪತಿ ಬಂದ, ನೀರಿಗೆ ಹೋದ, ಅರ್ಧ ಆಗಿದೆ. ಶೆಟ್ಟರೊಬ್ಬರೇ ಅಲ್ಲ, ಆಫೀಸಿನವರು, ಕಟ್ಟಡದವರು, ಕನ್ನಡ ಸಂಘದವರು ಎಲ್ಲರದೂ ಅದೇ ಮಾತು. ಥಾಣೆಯಿಂದ ಕಲ್ಯಾಣದವರೆಗೆ ನಾನು ಹೇಳಿದ ಪುಸ್ತಕಗಳೆಲ್ಲ ಸರಿಯಾಗಿ ನಟ್ಟನಡುವೆ ನಿಂತಿದ್ದವು.

ಇದು ಬರೀ ನನ್ನ ಚಟದ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಇದರ ನಡುವೆ ಗುರುಪಾದಪ್ಪ ಮಾಸ್ತರರ ಪುಸ್ತಕ ಬಂತು. ಗದಗಿನ ಕಡೆಯ ನನ್ನೂರಿನಲ್ಲಿ ನನಗೆ ಅಕ್ಷರ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಸೈಕಲ್ ಹತ್ತಿ ಊರೂರು ತಿರುಗಿ, ನಮ್ಮ ಸೀಮೆಯ ಹಳೆಯ ಬಾವಿಗಳ ಇತಿಹಾಸ ಬರೆದಿದ್ದರು. ಯಾವ ಬಾವಿಯನ್ನು ಯಾರು ತೋಡಿಸಿದರು, ಯಾಕೆ ತೋಡಿಸಿದರು, ಅದರ ನೀರಿಗೆ ಯಾರು ಯಾರು ಜಗಳಾಡಿದರು. ನೀರು ಬತ್ತಿದ ಮೇಲೂ ಊರವರು ವರ್ಷವರ್ಷ ಹೊಸ ಹಗ್ಗ ಕಟ್ಟುವ ಬಾವಿಯೊಂದಿತ್ತು ಅದರಲ್ಲಿ. ಬೇಸಿಗೆಯ ಮಧ್ಯಾಹ್ನ ಒಳಗಿಳಿದು ಮಲಗುವುದಕ್ಕೆಂದೇ ಒಬ್ಬ ದೇಸಾಯಿ ತೋಡಿಸಿದ ಬಾವಿಯಿತ್ತು. ನೀರಿನ ಮೇಲೊಂದು ಕಲ್ಲಿನ ಕಟ್ಟೆ, ಅದರ ಮೇಲೆ ತಲೆ ಇಡಲು ಕಲ್ಲಿನದೇ ದಿಂಬು. ಮಾಸ್ತರರು ತಾವೂ ಅಲ್ಲಿ ಒಂದು ನಿದ್ದೆ ಮಾಡಿ ಬಂದು ಆ ಅಧ್ಯಾಯ ಬರೆದಿದ್ದರು. ನಸುಕಿನಲ್ಲಿ ನಲ್ಲಿಯ ಮುಂದೆ ಪೀಪಾಯಿ ಇಟ್ಟು ಕಾಯುವ ಡೊಂಬಿವಲಿಯವನಿಗೆ ಆ ಪುಸ್ತಕ ಓದಿದರೆ ಎಂಥ ತಂಪು ಅಂತೀರಿ! ತಾವೇ ಅಚ್ಚು ಹಾಕಿಸಿದ್ದರು, ಯಾರೂ ಕೇಳಲಿಲ್ಲ. ಅಟ್ಟದ ಮೇಲಿದ್ದ ಗಂಟನ್ನು ನನಗೆ ಹೊರಿಸಿ, “ಒಯ್ಯೋ ತಮ್ಮಾ, ಮುಂಬಯಿದಾಗ ಮಂದಿ ಭಾಳ ಐತಿ. ಒಬ್ಬರರ ಓದ್ಯಾರು” ಅಂದಿದ್ದರು. ಪ್ರತಿ ಬೇಸಿಗೆಗೆ ಊರಿಗೆ ಹೋದಾಗ ಕೇಳುತ್ತಿದ್ದರು, “ಯಾರರ ಓದಿದರೇನೋ?” ನಾನು ಶೆಟ್ಟರ ಶಿಷ್ಯನಾಗಿ, “ಓದಾಕತ್ತಾರ್ರೀ ಸರ್, ಅರ್ಧ ಆಗೇತಂತ” ಎನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು. “ಹೌದಾ? ಯಾವ ಬಾವಿತನಕಾ ಬಂದಾರ?” ನಾನು ಬಸ್ಸಿನ ಹೊತ್ತಾಯಿತೆಂದು ಏಳುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅಷ್ಟೇ: ಯಾವ ಬಾವಿಯವರೆಗೆ ಬಂದೆ ಎಂದು ಹೇಳಬಲ್ಲ ಒಬ್ಬನೇ ಒಬ್ಬ ಓದುಗ.

ಒಂದು ದಿನ ಲೋಕಲು ಮುಂಬ್ರಾದ ಹತ್ತಿರ ಸಿಗ್ನಲ್ಲಿಗೆ ನಿಂತಿತ್ತು. ಆ ಜಾಗದಲ್ಲಿ ಖಾಡಿಯ, ಅಂದರೆ ಒಳನುಗ್ಗಿದ ಸಮುದ್ರದ, ನೀರು ಹಳಿಯ ಪಕ್ಕಕ್ಕೇ ಬಂದಿರುತ್ತದೆ. ಬೆಳಗಿನ ಹೊತ್ತು ನೀರು, ಮಂಜು, ಆಚೆಯ ಗುಡ್ಡ ಯಾವುದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುವುದಿಲ್ಲ. ಆಫೀಸಿಗೆ ಹೊರಟಿದ್ದೇನೆ ಎನ್ನುವುದೇ ಮರೆತುಹೋಗುತ್ತದೆ. ಅಲ್ಲಿ ನನಗೆ ಆ ವಿಚಾರ ಹೊಳೆಯಿತು. ನಮ್ಮ ಕಡೆ ಸಂಕ್ರಾಂತಿಗೆ ಕುಸುರೆಳ್ಳು ಹಂಚಿದರೆ ಆಯಿತು. ಇಲ್ಲಿಗೆ ಬಂದ ಕನ್ನಡದ ಹೆಂಗಸರು ಮರಾಠಿಯವರನ್ನು ನೋಡಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲಿ ಅರಿಸಿನ-ಕುಂಕುಮ ಮಾಡುತ್ತಾರೆ, ಬಂದ ಮುತ್ತೈದೆಯರಿಗೆಲ್ಲ ‘ವಾಣ’ ಅಂತ ಒಂದು ಸಣ್ಣ ವಸ್ತು ಕೊಡುತ್ತಾರೆ. ಸ್ಟೀಲ್ ಬಟ್ಟಲು, ಸಾಬೂನಿನ ಡಬ್ಬಿ, ಬಾಚಣಿಗೆ. ಪುಸ್ತಕ ಯಾಕಾಗಬಾರದು? ವಾಣವನ್ನು ಬೇಡ ಎನ್ನುವ ಹಾಗಿಲ್ಲ. ಅದು ಲಕ್ಷ್ಮಿಯನ್ನು ಬೇಡ ಅಂದ ಹಾಗೆ. ನನ್ನ ಪುಸ್ತಕಗಳಿಂದ ತಪ್ಪಿಸಿಕೊಂಡವರ ಹೆಂಡಂದಿರೆಲ್ಲ ಈಗ ಸೆರಗೊಡ್ಡಿ ತೆಗೆದುಕೊಳ್ಳಬೇಕು.

ಮನೆಯಲ್ಲಿ ನನ್ನ ಹೆಂಡತಿ ಸುಮಿತ್ರಾ ಇದನ್ನು ಕೇಳಿ ಲಟ್ಟಣಿಗೆಯನ್ನು ಕೆಳಗಿಟ್ಟಳು. “ಅಲ್ರೀ, ಮನೀಗೆ ಬಂದ ಹೆಣ್ಣುಮಕ್ಕಳಿಗೆ ಬಾವಿ ಪುಸ್ತಕಾ ಕೊಡ್ತಾರೇನ್ರೀ ಯಾರರ? ಮಂದಿ ಏನಂದಾರು? ಬಾವಿಗೆ ಬೀಳ್ರಿ ಅಂದಂಗಾತು.” ಆಕೆ ಚಹಾ ಸೋಸುವ ಗಾಳಣಿಗಳನ್ನು ಆಗಲೇ ತಂದಿಟ್ಟಿದ್ದಳು. ಎರಡು ದಿನ ಜಗ್ಗಾಟ ನಡೆಯಿತು. ಕೊನೆಗೆ ಒಪ್ಪಂದವಾಯಿತು: ಮರಾಠಿ ನೆರೆಯವರಿಗೆ ಗಾಳಣಿ, ಕನ್ನಡದವರಿಗೆ ಬಾವಿ. ಸಮಾರಂಭದ ಸಂಜೆ ಸುಮಿತ್ರಾ ಪದ್ಧತಿಯಂತೆ ಒಂದೊಂದು ಪುಸ್ತಕದ ಮುಖಪುಟಕ್ಕೂ ಬೆರಳಿನಿಂದ ಅರಿಸಿನ-ಕುಂಕುಮ ಹಚ್ಚಿ ಕೊಟ್ಟಳು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕನ್ನಡದ ಹೆಂಗಸರ ಕಣ್ಣೆಲ್ಲ ಮರಾಠಿಯವರ ಕೈಯಲ್ಲಿದ್ದ ಗಾಳಣಿಯ ಮೇಲೆ. ಒಬ್ಬಾಕೆಯಂತೂ ತಡೆಯಲಾರದೆ ಕೇಳಿಯೇಬಿಟ್ಟಳು, “ಯಾಕ್ರೀ ವೈನಿ, ನಮ್ಮ ಮನ್ಯಾಗ ಚಹಾ ಮಾಡಂಗಿಲ್ಲೇನು?”

ವಾರ ಕಳೆಯುವಷ್ಟರಲ್ಲಿ ಸುದ್ದಿ ಬರತೊಡಗಿತು. ವಾಣದ ಇನ್ನೊಂದು ಪದ್ಧತಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೇಡವಾದ ವಾಣ ಮನೆಯಲ್ಲಿ ಉಳಿಯುವುದಿಲ್ಲ. ಇನ್ನೊಂದಿಷ್ಟು ಕುಂಕುಮ ಹಚ್ಚಿಸಿಕೊಂಡು ಮುಂದಿನ ಮನೆಗೆ ನಡೆಯುತ್ತದೆ. “ನಿಮ್ಮ ಬಾವಿ ಕಲ್ಯಾಣಕ್ಕ ಹೋಗ್ಯಾವಂತ” ಎಂದು ಸುಮಿತ್ರಾ ಒಂದು ದಿನ ಬಾಗಿಲಲ್ಲೇ ಹೇಳಿದಳು. ಇನ್ನೊಂದು ದಿನ, ದಿವಾದಲ್ಲಿ ಯಾರ ಮನೆಯಲ್ಲೋ ಆಕೆಗೇ ಒಂದು ಪ್ರತಿ ವಾಣವಾಗಿ ಬರುವುದರಲ್ಲಿತ್ತು. ಕೊಡುವವಳಿಗೆ ಕೊನೆಯ ಗಳಿಗೆಯಲ್ಲಿ ಅದು ಯಾರ ಮನೆಯದೆಂದು ನೆನಪಾಗಿ ಬಾಳೆಹಣ್ಣು ಕೊಟ್ಟಳಂತೆ. ಸುಮಿತ್ರಾಳಿಗೆ ಅವಮಾನ. ನನಗೂ ಅವಮಾನವೇ, ಆದರೆ ಸುಳ್ಳು ಯಾಕೆ ಹೇಳಲಿ, ಅದರೊಳಗೆ ಒಂದು ಸುಖವೂ ಇತ್ತು. ಲೋಕಲಿನ ಕಿಟಕಿಗೆ ತಲೆ ಆನಿಸಿದರೆ ಸಾಕು, ನಮ್ಮ ಸೀಮೆಯ ಬಾವಿಗಳು ಲೇಡೀಸ್ ಡಬ್ಬಿಯಲ್ಲಿ, ಕುಸುರೆಳ್ಳಿನ ಪೊಟ್ಟಣದ ಪಕ್ಕದಲ್ಲಿ, ಮಲ್ಲಿಗೆಯ ವಾಸನೆಯಲ್ಲಿ ಪ್ರಯಾಣ ಮಾಡುವುದು ಕಾಣುತ್ತಿತ್ತು. ಯಾರೂ ತೆರೆದು ನೋಡದೆ ಹೋದರೂ ಅವು ತಿರುಗುತ್ತಿದ್ದವಲ್ಲ. ಬತ್ತಿದ ಬಾವಿಗೆ ಹಗ್ಗ ಕಟ್ಟಿದ ಹಾಗೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆ ಬೇಸಿಗೆಯಲ್ಲಿ ಮಾತ್ರ ಮಾಸ್ತರರ ಮನೆಯ ಬೀದಿ ತಪ್ಪಿಸಿ ಬಸ್‌ಸ್ಟ್ಯಾಂಡಿಗೆ ಹೋದೆ.

ಮರು ವರ್ಷದ ಸಂಕ್ರಾಂತಿ ಬಂತು. ಯಾವುದೋ ಮದುವೆಯ ಪಂಕ್ತಿಯಲ್ಲಿ ಸುಮಿತ್ರಾಳ ಪಕ್ಕ ಕೂತು ಪರಿಚಯವಾಗಿದ್ದ ವನಜಕ್ಕ ಎಂಬವರು ನೆರೂಳಿನ ತಮ್ಮ ಮನೆಗೆ ಅರಿಸಿನ-ಕುಂಕುಮಕ್ಕೆ ಕರೆದಿದ್ದರು. ಉಡುಪಿ ಕಡೆಯವರು, ಗಂಡನಿಗೆ ಯಾವುದೋ ಕಂಪನಿಯಲ್ಲಿ ಕೆಲಸ. ಡೊಂಬಿವಲಿಯಿಂದ ನೆರೂಳಿಗೆ ಕಾಗೆಗೆ ಹತ್ತಿರ, ನಮಗೆ ದೂರ. ಆಗಿನ್ನೂ ಥಾಣೆಯಿಂದ ನೇರ ಗಾಡಿ ಇರಲಿಲ್ಲ; ಕುರ್ಲಾದವರೆಗೆ ಹೋಗಿ, ಗಾಡಿ ಬದಲಿಸಿ, ಖಾಡಿ ದಾಟಿ ತಿರುಗಿ ಬರಬೇಕು. ಆದ್ದರಿಂದ ನನ್ನನ್ನು ಜೊತೆಗೆ ಕರೆದೊಯ್ದಳು. ಇಂಥ ಸಮಾರಂಭಕ್ಕೆ ಬಂದ ಗಂಡಸಿನ ಸ್ಥಾನ ಒಳಕೋಣೆ. ಅಲ್ಲಿ ಹೆಂಗಸರ ಕೈಚೀಲಗಳ ನಡುವೆ ನನ್ನನ್ನು ಕೂರಿಸಿ, ಕಾಗದ ಹಾಸಿದ ತಟ್ಟೆಯಲ್ಲಿ ಚೂಡಾ ಕೊಟ್ಟರು. ಹೊರಗೆ ಬಳೆ ಸದ್ದು, ನಗು, ಕಿಟಕಿಯಿಂದ ಖಾಡಿಯ ಗಾಳಿ. ನಾನು ಚೂಡಾವನ್ನು ಒಂದು ಪಕ್ಕಕ್ಕೆ ಸರಿಸಿ ಕೆಳಗಿನ ಹಳೆಯ ಕನ್ನಡ ಪತ್ರಿಕೆಯ ತುಂಡನ್ನು ಓದುತ್ತಿದ್ದೆ.

“ಎಂತ ಸರ್, ತಿನ್ನುವುದು ಬಿಟ್ಟು ಕಾಗದ ಓದ್ತಾ ಇದ್ದೀರಿ?” ವನಜಕ್ಕ ಬಾಗಿಲಲ್ಲಿ ನಿಂತಿದ್ದರು. ನಾನು ನಾಚಿಕೊಂಡೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆ ನೋಟ ನನಗೆ ಎಲ್ಲೋ ಪರಿಚಯದ್ದು ಅನ್ನಿಸಿತು. ಸಿಕ್ಕಿಬಿದ್ದ ಒಬ್ಬ ಓದುಗನನ್ನು ಅಳೆಯುವ ನೋಟ ಅದು. “ನೀವು ಪುಸ್ತಕ ಓದುವ ಜನ ಅಂತ ಕಾಣ್ತದೆ. ನಿಲ್ಲಿ, ನಿಮಗೊಂದು ಕೊಡ್ತೇನೆ. ಯಾರಿಗೂ ಗೊತ್ತಿಲ್ಲದ ಪುಸ್ತಕ” ಎಂದು ಕಪಾಟಿನಿಂದ ತೆಗೆದು ಕೈಗಿಟ್ಟರು.

ಮಾಸ್ತರರ ಬಾವಿಗಳು! ಮುಖಪುಟದ ತುಂಬ ಕುಂಕುಮದ ಬೊಟ್ಟುಗಳು, ಒಂದರ ಪಕ್ಕ ಒಂದು, ಒಂದರ ಮೇಲೊಂದು. ಎಷ್ಟು ಮನೆ ದಾಟಿ ಬಂದಿತ್ತೋ. ಮೂಲೆಯಲ್ಲಿ ಮಾಸಿದ್ದು ಸುಮಿತ್ರಾಳದೇ ಬೆರಳಿನದು ಇರಬೇಕು.

“ಹೋದ ವರ್ಷ ನನಗೆ ಯಾರೋ ವಾಣಕ್ಕೆ ಕೊಟ್ಟದ್ದು” ಎಂದು ವನಜಕ್ಕ ಮಂಚದ ಅಂಚಿಗೆ ಕೂತೇಬಿಟ್ಟರು. “ವಾಣಕ್ಕೆ ಪುಸ್ತಕ ಕೊಡುವುದುಂಟಾ? ಮೊದಲು ಕೊಟ್ಟವರಿಗೆ ತಲೆ ಸಮ ಇಲ್ಲ ಅಂತ ಗ್ರಹಿಸಿದೆ. ಸುಮ್ಮನೆ ತೆರೆದೆ ಸರ್, ಆಮೇಲೆ ಇಡ್ಲಿಕ್ಕೇ ಆಗ್ಲಿಲ್ಲ. ನಮ್ಮಲ್ಲಿ ಮನೆಗೊಂದು ಬಾವಿ, ಅದನ್ನು ನಾವು ತಿರುಗಿ ಸಹ ನೋಡುವುದಿಲ್ಲ. ಆ ಬಯಲುಸೀಮೆಯವರಿಗೆ ಒಂದು ಬಾವಿ ಅಂದ್ರೆ ಎಂಥ ಪ್ರೀತಿ! ಇವರಿಗೆ ಓದಿ ಅಂದೆ, ಅರ್ಧ ಆಯ್ತು ಅಂತಾರೆ. ಮಗಳಿಗೆ ಕನ್ನಡ ಓದ್ಲಿಕ್ಕೆ ಬರುವುದಿಲ್ಲ. ಯಾರ ಹತ್ತಿರ ಹೇಳುವುದು ಹೇಳಿ?”

ಈ ಪುಸ್ತಕ ಹಂಚಿದ ತಲೆ ಸಮ ಇಲ್ಲದವನು ನಾನೇ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅಷ್ಟರಲ್ಲಿ ಅವರು ಕಥೆ ಹೇಳಲು ಶುರು ಮಾಡಿದ್ದರು. ಮಲಗುವ ಬಾವಿಗೆ ಬಂದಾಗ ಅವರ ದನಿ ತಗ್ಗಿತು. ದೇಸಾಯಿ ನಿದ್ದೆಯಲ್ಲಿ ನೀರಿನೊಳಗಿಂದ ಗೆಜ್ಜೆಯ ಸದ್ದು ಕೇಳುತ್ತಿದ್ದನಂತೆ. ಗೆಜ್ಜೆಯ ಸದ್ದು ಪುಸ್ತಕದಲ್ಲಿ ಇಲ್ಲವೇ ಇಲ್ಲ! ಅದು ವನಜಕ್ಕನ ತವರಿನ ಬಾವಿಯಿಂದ ಬಂದದ್ದಿರಬೇಕು. ತಿದ್ದಬೇಕೆಂದು ನನ್ನ ಜೀವವೆಲ್ಲ ತುಡಿಯಿತು, ತಿದ್ದಲಿಲ್ಲ. ಒಮ್ಮೆ ಓದಿದ್ದೇನೆ ಅಂದರೆ ಅವರಿಗೆ ಹೇಳಲು ಏನು ಉಳಿಯುತ್ತದೆ? ನಾನು ಬಾಯಿ ತೆರೆದು ಚಿಕ್ಕ ಮಗುವಿನಂತೆ, “ಹೌದಾ? ಆಮೇಲೆ?” ಅನ್ನುತ್ತಿದ್ದೆ. ಬಾಗಿಲಿಗೆ ಬಂದ ಸುಮಿತ್ರಾ ಪುಸ್ತಕ ನೋಡಿ, “ಅಯ್ಯ, ಇದು ನಮ್ಮ…” ಎಂದು ಬಾಯಿ ತೆಗೆದಳು. ನಾನು ಕಣ್ಣಲ್ಲೇ ಕೈಮುಗಿದೆ. “ನಮ್ಮ ಕಡೇದು ಕಾಣಸ್ತದ” ಎಂದು ಹೇಳಿ ಆ ಪುಣ್ಯಾತ್ಗಿತ್ತಿ ನನ್ನ ಮಾನ ಉಳಿಸಿದಳು.

ಮರಳುವಾಗ ಗಾಡಿ ವಾಶಿಯ ಸೇತುವೆಯ ಮೇಲೆ ಬಂದಿತ್ತು. ಕೆಳಗೆ ಖಾಡಿಯಲ್ಲಿ ಸಂಜೆಯ ಕೆಂಪು, ನನ್ನ ಮಡಿಲಲ್ಲಿ ಕುಂಕುಮದ ಪುಸ್ತಕ. ನನಗೆ ಅಳು ಬರುವಷ್ಟು ಸಂತೋಷವಾಗಿತ್ತು. ಸುಮಿತ್ರಾ ಆ ಪುಸ್ತಕದ ಕಡೆ ಬೊಟ್ಟು ಮಾಡಿ, “ಅಲ್ರೀ, ಮಲಗೋ ಬಾವಿ ಅಂದ್ರೇನು?” ಅಂದಳು. ನಮ್ಮ ಮನೆಯ ಅಟ್ಟದಲ್ಲೇ ಆ ಗಂಟು ಇದ್ದಷ್ಟು ದಿನ ಈಕೆಯೂ ತೆರೆದಿರಲಿಲ್ಲ!

ಆ ಬೇಸಿಗೆಯಲ್ಲಿ ನೆಟ್ಟಗೆ ಮಾಸ್ತರರ ಮನೆಗೆ ಹೋದೆ. “ಒಬ್ಬರು ಓದ್ಯಾರ್ರೀ ಸರ್. ಪೂರಾ” ಅಂದೆ. ಅವರು ಎದ್ದು ಒಳಗೆ ಹೋದರು. ಬರುವಾಗ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಕುರ್ಚಿಯಲ್ಲಿ ಕೂತರು. “ಹಾಂ, ಈಗ ಹೇಳು. ಏನಂದರು?” ನಾನು ಎಲ್ಲವನ್ನೂ ಹೇಳಿದೆ, ಗೆಜ್ಜೆಯ ಸದ್ದನ್ನೂ ಬಿಡಲಿಲ್ಲ. ಮಾಸ್ತರರು ಕಣ್ಣು ಮುಚ್ಚಿ ಕೇಳಿ, “ಇದ್ದೀತು. ನನಗ ಆವತ್ತು ಗಾಢ ನಿದ್ದಿ ಹತ್ತಿತ್ತು” ಅಂದರು.

ಈಗ ನನಗೊಂದು ಹೊಸ ಸಂಕಟ. ಕನ್ನಡ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ವನಜಕ್ಕ ಜನರ ನಡುವಿನಿಂದ ದಾರಿ ಮಾಡಿಕೊಂಡು ನನ್ನತ್ತ ಬರುತ್ತಾರೆ. ನಮ್ಮ ಶೆಟ್ಟರೂ ನನ್ನ ಹಾಗೇ, ಕಾದಂಬರಿಯನ್ನು ಎಂದೋ ಓದಿ ಮುಗಿಸಿ, ನನ್ನ ಮಾತು ನಿಲ್ಲಬಾರದೆಂದೇ ಅರ್ಧ ಅನ್ನುತ್ತಿದ್ದರೇ ಎಂಬ ಆಸೆ ಹುಟ್ಟಿ ಒಂದು ದಿನ ಲೋಕಲಿನಲ್ಲಿ ಕೇಳಿದೆ. ಅವರು ಕಳವಾ ಸ್ಟೇಷನ್ ಬರುವವರೆಗೆ ಯೋಚಿಸಿ, “ಯಾವ ಕಾದಂಬರಿ ಮಾರಾಯ್ರೆ?” ಅಂದರು. ಇರಲಿ. ಮೊನ್ನೆಯೂ ಸಂಘದ ಸಭೆಯಲ್ಲಿ ವನಜಕ್ಕ ನನ್ನನ್ನು ಕಂಬಕ್ಕೆ ಒತ್ತರಿಸಿ ನಿಲ್ಲಿಸಿ ಕೇಳಿದರು, “ಎಂತ ಸರ್, ಯಾವ ಬಾವಿವರೆಗೆ ಬಂತು?”

ಸಾಲುಸಾಲೂ ಬಾಯಿಪಾಠವಿರುವ ನಾನು ತಲೆ ತಗ್ಗಿಸಿ, “ಮಲಗುವ ಬಾವಿಯ ಹತ್ತಿರ ಇದ್ದೇನೆ ವನಜಕ್ಕ. ಅರ್ಧ ಆಗಿದೆ” ಅಂದೆ.